ಕಾಲು ನೋಡಿದರು, ಉಸಿರು ಕೇಳಲಿಲ್ಲ

ಮೊದಲ ಕೆಮ್ಮು ಬಂದಾಗ ನನ್ನ ಬಲಗಾಲಿಗೆ ಮಾಲೂರಿನ ಎರಡು ಇಟ್ಟಿಗೆ ತೂಗುತ್ತಿದ್ದವು.

ವಕ್ಕಲೇರಿಯ ನಮ್ಮ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಬದುವಿನ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಕಾಲಿಗೆ ಭಾರ ತೂಗುಬಿಟ್ಟು ಮೂಳೆ ಎಳೆದಿಡುವ ಟ್ರ್ಯಾಕ್ಷನ್ ಹಾಕಿ ಅಂಗಾತ ಮಲಗಿಸಿದರು. ಅಲ್ಲಾಡಿದರೆ ಮೂಳೆ ಸೊಟ್ಟ ಕೂಡುತ್ತದೆ ಎಂದು ಸಿಸ್ಟರ್ ಒಂದು ಮಾತು ಹೇಳಿ ಹೋದರು. ನಮ್ಮ ಯಜಮಾನರಿಗೆ ಅಷ್ಟೇ ಸಾಕಾಯಿತು. ಕೆಮ್ಮಿದರೂ ಮೈ ಅಲ್ಲಾಡುತ್ತದಲ್ಲ! ನನ್ನ ಗಂಟಲು ಕೆರೆಯಿತೋ ಇಲ್ಲವೋ, ಅವರ ಅಂಗೈ ಬಾಯಿಗೆ ಅಡ್ಡ ಬರುತ್ತಿತ್ತು. ತೆಲುಗಿನಲ್ಲಿ "ಊರ್ಕೋ" ಎನ್ನುತ್ತಿದ್ದರು, ಸುಮ್ಮನಿರು ಅಂತ.

"ಕೆಮ್ಮಬೇಡ ಕಣೇ. ಕಾಲು ಸೊಟ್ಟ ಆಗ್ಬುಟ್ರೆ ಏನ್ ಮಾಡ್ತೀಯ?"

ನುಂಗಿದೆ. ಕೆಮ್ಮನ್ನೂ, ಕಫವನ್ನೂ. ಮಲಗಿದಲ್ಲೇ ಬಾಯಿಗೆ ಗಂಜಿ ಹುಯ್ದರು, ಅದನ್ನೂ ನುಂಗಿದೆ. ಅರ್ಧ ಹೊಟ್ಟೆಗೆ ಹೋಯಿತು, ಅರ್ಧ ಇನ್ನೆಲ್ಲಿಗೋ.

ಜ್ವರ ಬಂತು. ಮೂಳೆ ಮುರಿದವರಿಗೆ ಬರುತ್ತದೆ ಎಂದರು. ರೌಂಡ್ಸಿಗೆ ಬರುವ ಡಾಕ್ಟರು ಮಂಚದ ತುದಿಯಲ್ಲಿ ನಿಂತು, ಇಟ್ಟಿಗೆ ನೋಡಿ, ನನ್ನ ಹೆಬ್ಬೆರಳು ಮುಟ್ಟಿ, "ಗುಡ್" ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಎದೆ ಚುಚ್ಚುತ್ತದೆ ಸ್ವಾಮಿ ಎಂದರೆ, ಮಲಗಿ ಮಲಗಿ ಹಾಗಾಗುತ್ತದೆ ಎಂಬ ಉತ್ತರ. ಅವರ ಪಾಲಿಗೆ ನಾನು ಬರೀ ಒಂದು ಕಾಲು. ಸೊಂಟದಿಂದ ಮೇಲಿನವಳು ಸತ್ತಿದ್ದರೂ ಅವರು ಗುಡ್ ಅನ್ನುತ್ತಿದ್ದರೋ ಏನೋ.

ಒಂದು ಬೆಳಿಗ್ಗೆ ಉಸಿರೇ ಸಿಗಲಿಲ್ಲ.

ಯಜಮಾನರು ಓಡಿಹೋಗಿ ಪಕ್ಕದ ವಾರ್ಡಿನ ಲೇಡಿ ಡಾಕ್ಟರನ್ನು ಕರೆತಂದರು. ಆಕೆ ನನ್ನನ್ನು ಸ್ವಲ್ಪ ಮಗ್ಗುಲಿಗೆತ್ತಿ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು. ಬಲಗಡೆ, ಕೆಳಗೆ, ಬಹಳ ಹೊತ್ತು ಕೇಳಿದರು. ಎಕ್ಸ್‌ರೇಯಲ್ಲೂ ಅದೇ ಜಾಗ ಬೆಳ್ಳಗಿತ್ತು.

ನ್ಯುಮೋನಿಯಾ.

ಶೀತ ಊರಿಂದಲೇ ತಂದಿರಬೇಕು ಎಂದು ಸಿಸ್ಟರ್ ಅಂದರು. ಸೇರುವಾಗ ಕೆಮ್ಮಿತ್ತಾ ಎಂದು ಡಾಕ್ಟರಮ್ಮ ಕೇಳಿದರು. ಇರಲಿಲ್ಲ ಎಂದೆವು. ಹಾಗಾದರೆ ಇಲ್ಲೇ ಅಂಟಿದ್ದು ಎಂದು ಆಕೆ ಎಲ್ಲರೆದುರೇ ಹೇಳಿದರು. ಕಫ ಪರೀಕ್ಷೆಗೆ ಹೋಯಿತು. ಆಕ್ಸಿಜನ್ ಬಂತು, ಇಂಜೆಕ್ಷನ್ ಶುರುವಾಯಿತು. ತಲೆಯ ಕೆಳಗೆ ದಿಂಬು ಏರಿತು. ಕಾಲು ತೂಗುತ್ತಿದ್ದರೂ ತಲೆ ಎತ್ತಿಡಬಹುದಿತ್ತಂತೆ. ಮೊದಲೇ ಹೇಳಲು ಇವರಿಗೇನು ರೋಗ?

ಆಮೇಲೆ ಆಕೆ ಯಜಮಾನರ ಕಡೆ ತಿರುಗಿದರು. "ಕೆಮ್ಮಿಸಿ. ಕಫ ಒಳಗೇ ಉಳಿದ್ರೆ ಇವರು ಉಳಿಯಲ್ಲ."

ಯಜಮಾನರು ತಮ್ಮ ಅಂಗೈಯನ್ನೇ ನೋಡುತ್ತಾ ಕೂತರು.

ಬದುಕಿದೆ. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ. ಈಗ ಊರಿನವರು ಬಂದು, ಕಾಲು ಎಷ್ಟು ನೆಟ್ಟಗೆ ಕೂಡಿದೆ ಎಂದು ಹೊಗಳುತ್ತಾರೆ. ಆ ನೆಟ್ಟಗಿನ ಕಾಲಿನಲ್ಲಿ ತೋಟದ ತನಕ ಹೋದರೆ ಏದುಸಿರು ಬರುತ್ತದೆ. ಅದನ್ನು ಯಾರಿಗೆ ತೋರಿಸಲಿ? ಕಾಲು ಕೊಟ್ಟು ಎದೆ ಕಿತ್ತುಕೊಂಡರು ಎಂದು ಬಾಯಿ ತುಂಬಾ ಬಯ್ಯುತ್ತೇನೆ. ಬಯ್ಯುತ್ತಿದ್ದರೂ ಕೆಮ್ಮು ಬರುತ್ತದೆ.

ನಿನ್ನೆಯೂ ಬಂತು. ಯಜಮಾನರ ಅಂಗೈ ಅಭ್ಯಾಸದಂತೆ ನನ್ನ ಬಾಯಿಯ ಕಡೆ ಬಂದು, ಅರ್ಧದಲ್ಲೇ ನಿಂತಿತು. ಆಮೇಲೆ ಬೆನ್ನಿಗೆ ಹೋಗಿ ಮೆಲ್ಲಗೆ ತಟ್ಟತೊಡಗಿತು.

"ಕೆಮ್ಮು ಕಣೇ," ಎಂದರು. "ಚೆನ್ನಾಗಿ ಕೆಮ್ಮು."