ಮಾವನ ಕೈಬ್ರೇಕು

ಕಾದ ಬ್ರೇಕಿನ ವಾಸನೆ ನಿಮಗೆ ಗೊತ್ತಿರಬೇಕು. ಸುಟ್ಟ ರಬ್ಬರಲ್ಲ, ಸುಟ್ಟ ಕಬ್ಬಿಣವೂ ಅಲ್ಲ. ತಳ ಹಿಡಿದ ಪಾತ್ರೆಯನ್ನು ಒಣ ಇಟ್ಟಿಗೆಯಿಂದ ಉಜ್ಜಿದರೆ ಬರುವಂಥ ಒಂದು ಘಾಟು. ಕಳೆದ ಶನಿವಾರ ಮಲೇಶಿಯಾದ ಕ್ಯಾಮರಾನ್ ಬೆಟ್ಟದಿಂದ ಕೆಳಗಿನ ತಾಪಾ ಊರಿನ ಕಡೆಗೆ ಇಳಿಯಲು ಶುರು ಮಾಡಿದ್ದೆವಷ್ಟೆ, ತಿರುವಿನಲ್ಲಿ ಎಲೆಕೋಸು ತುಂಬಿದ ಒಂದು ಲಾರಿ ಪಕ್ಕಕ್ಕೆ ನಿಂತು ಹಿಂದಿನ ಗಾಲಿಯಿಂದ ತೆಳ್ಳಗೆ ಹೊಗೆ ಬಿಡುತ್ತಿತ್ತು. ಘಾಟು ನಮ್ಮ ಹೊಸ ಕಾರಿನ ಏಸಿಯೊಳಗೂ ನುಗ್ಗಿತು. ಪಕ್ಕದಲ್ಲಿದ್ದ ಹೆಂಡತಿ ಗಿರಿಜಾಳ ಬಲಗೈ ಎರಡು ಸೀಟುಗಳ ನಡುವೆ ಏನನ್ನೋ ಹುಡುಕಿ, ಸಿಗದೆ, ಮಡಿಲಿಗೆ ವಾಪಸಾಯಿತು. ಹಿಂದಿನ ಸೀಟಿನಲ್ಲಿದ್ದ ಹದಿನಾಲ್ಕರ ಮಗಳು ಮೂಗು ಮುಚ್ಚಿಕೊಂಡು, "ಅಯ್ಯೋ, ವಾಟ್ ಈಸ್ ದಟ್ ಸ್ಮೆಲ್ ಲಾ?" ಎಂದು ಇಲ್ಲಿಯವರ ಮಾತಿನ ಬಾಲ 'ಲಾ' ಸೇರಿಸಿ ಕೇಳಿದಳು.

"ಅದು ನಿಮ್ಮಜ್ಜ" ಎಂದುಬಿಟ್ಟೆ.

ತನ್ನ ತಂದೆಯನ್ನು ವಾಸನೆ ಎಂದು ಕರೆದ ಗಂಡನನ್ನು ಹೆಂಡತಿ ಹೇಗೆ ನೋಡಬೇಕೋ ಗಿರಿಜಾ ಹಾಗೇ ನೋಡಿದಳು. ನಾನು ಮುಂದಿನ ಚಹಾ ಅಂಗಡಿಯ ಅಂಗಳದಲ್ಲಿ ಕಾರು ನಿಲ್ಲಿಸಿದೆ. ನಿಲ್ಲಿಸಿದ್ದು ಯಾಕೆ ಎಂದು ನಿಮಗೆ ತಿಳಿಯಬೇಕಾದರೆ ನನ್ನ ಮಾವನವರ ಪರಿಚಯ ಆಗಬೇಕು. ಅದಕ್ಕೂ ಮೊದಲು ನನ್ನದು ಆಗಿಬಿಡಲಿ, ಸಣ್ಣದು.

ನಾನು ಬೆಂಗಳೂರಿನವನು. ಕ್ವಾಲಾಲಂಪುರದ ಒಂದು ಕಚೇರಿಯಲ್ಲಿ ರಿಸ್ಕ್ ಮ್ಯಾನೇಜರ್. ಕಂಪನಿಗೆ ಬಂದೊದಗಬಹುದಾದ ಅಪಾಯಗಳನ್ನೆಲ್ಲ ಮುಂಚೆಯೇ ಊಹಿಸಿ, ಪಟ್ಟಿ ಮಾಡಿ, ಒಂದೊಂದಕ್ಕೂ ಕೆಂಪು, ಹಳದಿ, ಹಸಿರು ಬಣ್ಣ ಬಳಿಯುವುದು ನನ್ನ ಉದ್ಯೋಗ. ಅಪಾಯ ತಪ್ಪುತ್ತದೋ ಇಲ್ಲವೋ ನನಗೆ ಸಂಬಂಧವಿಲ್ಲ, ಬಣ್ಣ ಸರಿಯಾಗಿರಬೇಕು. ಈ ವಿದ್ಯೆಯಲ್ಲಿ ನನಗೆ ಪ್ರಶಸ್ತಿಫಲಕವೂ ಬಂದಿದೆ. ಪುಚೊಂಗಿನ ನಮ್ಮ ಕಾಂಡೋ ಫ್ಲ್ಯಾಟಿನ ಟೀವಿಯ ಪಕ್ಕದಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಇಟ್ಟಿದ್ದೇನೆ.

ಮಾವ ಹುಬ್ಬಳ್ಳಿಯವರು, ಗೂಡ್ಸ್ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಘಟ್ಟ ಇಳಿಯುವ ಗಾಡಿಗಳ ಕಟ್ಟಕಡೆಯ ಡಬ್ಬಿಯಲ್ಲಿ, ಕೈಬ್ರೇಕಿನ ಚಕ್ರದ ಪಕ್ಕ ಒಂಟಿಯಾಗಿ ಕೂತು ಆಯುಷ್ಯದ ಮುಕ್ಕಾಲು ಭಾಗ ಕಳೆದವರು. ಎಂಟು ವರ್ಷದ ಹಿಂದೆ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ಬಂದ ಮರುದಿನ ಎಲ್‌ಆರ್‌ಟಿ ರೈಲು ತೋರಿಸಲು ಕರೆದುಕೊಂಡು ಹೋದೆ. ಎತ್ತರದ ಹಳಿ, ತಂಪು ಬೋಗಿ, ತಾನೇ ತೆರೆಯುವ ಬಾಗಿಲು. ಏನೋ ನಾನೇ ಕಟ್ಟಿಸಿದ ಹಾಗೆ ಬೀಗುತ್ತ ನಿಂತಿದ್ದೆ. ಮಾವ ಸೀದಾ ಹಿಂದಿನ ತುದಿಗೆ ನಡೆದು ಗಾಜಿನೊಳಗೆ ಇಣುಕಿ, ಕಳ್ಳನನ್ನು ಕಂಡವರಂತೆ ಓಡೋಡಿ ಬಂದರು.

"ಹಿಂದ ಯಾರೂ ಇಲ್ಲಲ್ರೀ ಅಳಿಯಂದ್ರ! ಹಂಗಾರ ಇದನ್ನ ನಿಲ್ಲಸಾವ್ರು ಯಾರು?"

ಅಕ್ಕಪಕ್ಕದ ತಮಿಳರಿಗೆ ಅರ್ಥವಾಗಿಬಿಟ್ಟೀತೆಂದು ನಾನು ಬೇರೆ ಯಾರದೋ ಮಾವನೆಂಬಂತೆ ಕಿಟಕಿಯ ಹೊರಗೆ ನೋಡಿದೆ.

ಮನುಷ್ಯರಲ್ಲಿ ಎರಡು ಜಾತಿ ಎಂದು ಮಾವನ ಸಿದ್ಧಾಂತ: ಓಡಿಸುವವರು, ನಿಲ್ಲಿಸುವವರು. ಓಡಿಸುವವನಿಗೆ ಹೆಸರು, ಫೋಟೋ. ನಿಲ್ಲಿಸುವವನಿಗೆ ಬಾಲದ ಡಬ್ಬಿ. ಒಂದು ಬೆಳಿಗ್ಗೆ ಮನೆ ಕೆಳಗಿನ, ತಮಿಳು ಮುಸ್ಲಿಮರ ಮಮಕ್ ಹೋಟೆಲಿನಲ್ಲಿ ಈ ವಿಷಯವಾಗಿ ನನಗೆ ಪಾಠವೇ ಆಯಿತು. ತೇ ತಾರಿಕ್, ಅಂದರೆ ನೊರೆ ಚಹಾದ ಗ್ಲಾಸು, ಎಂಜಿನ್ನು. ಅದರ ಹಿಂದೆ ಸಾಲಾಗಿ ಪರೋಟದಂಥ ರೋಟಿ ಚನಾಯ್ ತಟ್ಟೆಗಳು, ಅವು ವ್ಯಾಗನ್ನು. ಬಾಲಕ್ಕೆ ದಾಲ್ ಬಟ್ಟಲು, ಅದೇ ಗಾರ್ಡ್ ಕೂರುವ ಬ್ರೇಕ್‌ವ್ಯಾನು.

"ಮೊದಮೊದ್ಲು ಎಂಜಿನ್ನಿಗೆ ಓಡೂದು ಗೊತ್ತಿತ್ತು, ನಿಲ್ಲೂದು ಗೊತ್ತಿದ್ದಿಲ್ಲ. ಡ್ರೈವರ್ ಶೀಟಿ ಹೊಡೀಬೇಕು, ಹಿಂದ ಕುಂತಾಂವ ಅದನ್ನ ಕೇಳಿ ಚಕ್ರ ತಿರುವಬೇಕು. ಆವಾಗ ಬ್ರೇಕಿನ ಕಟ್ಟಿಗಿ ಹೋಗಿ ಗಾಲಿಗೆ ಒತ್ತೂದು. ಕಟ್ಟಿಗಿ ಕಾದು ಹೊಗಿ ಬರೂದು. ಆಮ್ಯಾಲೆ ಕಟ್ಟಿಗಿ ಹೋಗಿ ಬೀಡು ಕಬ್ಬಿಣ ಬಂತು. ಘಟ್ಟದಾಗಂತೂ ವ್ಯಾಗನ್ನಿನ ಮ್ಯಾಲೆ ಅಲ್ಲಲ್ಲಿ ಬ್ರೇಕ್‌ಮನ್‌ಗೋಳು ಕುಂತಿರ್ತಿದ್ರು, ಬಿಸಲಿರ್ಲಿ ಮಳಿ ಇರ್ಲಿ. ನಮ್ಮಜ್ಜ ಅದ ಕೆಲಸದಾಗ ಇದ್ದ."

"ಎಂಜಿನ್ನೇ ಮೊದಲು ನಿಂತುಬಿಟ್ಟರೆ?" ಎಂದೆ, ಫೋನಿನಿಂದ ಕಣ್ಣೆತ್ತದೆ.

ಮಾವ ತೇ ತಾರಿಕ್ ಗ್ಲಾಸನ್ನು ಹಿಡಿದು ದಾಲ್ ಬಟ್ಟಲನ್ನು ಹಿಂದಿನಿಂದ ನೂಕಿದರು. ತಟ್ಟೆಗಳು ಒಂದರ ಮೇಲೊಂದು ಹತ್ತಿದವು, ದಾಲ್ ನನ್ನ ಕಚೇರಿಯ ಪ್ಯಾಂಟಿನ ಮೇಲಾಯಿತು. "ಹಿಂಗ" ಎಂದರು.

ಆಮೇಲೆ ಬಂದ ವ್ಯಾಕ್ಯೂಮ್ ಬ್ರೇಕಿನ ಬಗ್ಗೆ ಮಾತಾಡುವಾಗ ಮಾತ್ರ ಅವರ ದನಿಗೆ ದೇವರ ಮನೆಯ ಮೆದುತನ ಬರುತ್ತಿತ್ತು. ಗಾಡಿಯುದ್ದಕ್ಕೂ ಒಂದು ಕೊಳವೆ. ಅದರೊಳಗಿನ ಗಾಳಿಯನ್ನು ಹೀರಿ ತೆಗೆದರೆ ಮಾತ್ರ ಬ್ರೇಕು ಸಡಿಲ. ಎಲ್ಲಾದರೂ ಕೊಳವೆ ಹರಿದರೆ, ಗಾಡಿ ಎರಡು ತುಂಡಾದರೆ, ಗಾಳಿ ಒಳಹೊಕ್ಕು ಗಾಡಿ ತಾನಾಗಿಯೇ ನಿಲ್ಲುತ್ತದೆ. "ರೈಲಿಗೆ ಗಾಳಿ ಹೊಕ್ರ ನಿಲ್ಲತೈತಿ. ಮನಷ್ಯಾಗ ಹೊಕ್ರ ಓಡತಾನ" ಎಂದು ನನ್ನ ಪ್ರಶಸ್ತಿಫಲಕದ ಕಡೆ ನೋಡಿದ್ದು ಆಕಸ್ಮಿಕವಿರಲಾರದು.

ನಾನೂ ಬಿಡಲಿಲ್ಲ. "ಹಾಗಾದರೆ ಮಾವ, ಆ ಕಾಲದಲ್ಲಿ ರೈಲು ನಿಲ್ಲುತ್ತಿದ್ದದ್ದು ಪವಾಡವೇ ಅನ್ನಿ."

"ಪವಾಡ ಅಲ್ರೀ, ಅಂಜಿಕಿ. ಅಂಜಿಕಿ ಇದ್ದಾಂವ ಬ್ರೇಕ್ ನೋಡಕೋತಾನ."

ಈ ಅಂಜಿಕೆ ನಮ್ಮ ಮರ್ಯಾದೆ ತೆಗೆಯುವ ಮಟ್ಟಕ್ಕೆ ಬೆಳೆದಿತ್ತು. ಕಾರು ಹೊರಡುವ ಮೊದಲು ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಾಲ್ಕೂ ಗಾಲಿಗಳನ್ನು ಬೆರಳ ಗಿಣ್ಣಿನಿಂದ ಬಡಿದು, ಹಿಂದೆ ನಿಂತು ಹಸಿರು ಕರವಸ್ತ್ರ ಬೀಸಿದ ಮೇಲೆಯೇ ನಾನು ಹೊರಡಬೇಕು. ಕಾಂಡೋದ ಪಾರ್ಕಿಂಗಿನಲ್ಲಿ ಚೀನೀ ನೆರೆಯವರು ಇದನ್ನು ನಮ್ಮ ಧರ್ಮದ ಯಾವುದೋ ವಿಧಿಯೆಂದು ತಿಳಿದು ಭಕ್ತಿಯಿಂದ ಕಾಯುತ್ತಿದ್ದರು. ಕಾರೊಳಗೆ ಕೂತ ಮೇಲೆ ಒಂದು ಡೈರಿ ಹೊರಬರುತ್ತಿತ್ತು. ಅದು ಗಾರ್ಡ್ ಪುಸ್ತಕ. ಎಷ್ಟಕ್ಕೆ ಬಿಟ್ಟಿತು, ಎಷ್ಟು ತಡ, ಕಾರಣವೇನು. ಕಾರಣದ ಕಾಲಮ್ಮಿನಲ್ಲಿ ಮೂರು ತಿಂಗಳೂ ಒಂದೇ ಉತ್ತರ: "ಅಳಿಯ, ಫೋನಿನಲ್ಲಿ."

ಕ್ಯಾಮರಾನ್ ಬೆಟ್ಟಕ್ಕೆ ಹೋಗುವ ಹಿಂದಿನ ವಾರ ಅವರು ಕೇಳಿದರು, "ಬ್ರೇಕ್ ನೋಡಸೀರೇನ್ರಿ?"

"ಎಲ್ಲಾ ಓಕೆ ಮಾವ."

ಓಕೆ ಇರಲಿಲ್ಲ. ನಮ್ಮ ಬೀದಿಯ ಗ್ಯಾರೇಜಿನ ತಮಿಳು ಮೆಕ್ಯಾನಿಕ್ ಮೂರು ಸಲ ಹೇಳಿದ್ದ: "ಅಣ್ಣೇ, ಬ್ರೇಕ್ ಆಯಿಲ್ ಕರುಪ್ಪಾಯಿಡುಚ್ಚು, ಮಾತ್ತಿಡುಂಗ." ಕಪ್ಪಾಗಿದೆ, ಬದಲಾಯಿಸಿ ಎಂದು. ಮೂರು ಸಲವೂ ನಾನು "ನೆಕ್ಸ್ಟ್ ವೀಕ್ ಲಾ" ಎಂದಿದ್ದೆ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗಳಲ್ಲಿ ನಾನು ಕಚೇರಿಗಾಗಿ, ನಿರ್ಲಕ್ಷ್ಯದಿಂದ ಆಗಬಹುದಾದ ಅನಾಹುತಗಳ ಪಟ್ಟಿಗೆ ಬಣ್ಣ ಬಳಿಯುತ್ತಿದ್ದೆ.

ಬೆಟ್ಟದಲ್ಲಿ ಎರಡು ದಿನ ಚಹಾ ತೋಟ, ಸ್ಟ್ರಾಬೆರಿ, ಫೋಟೋ. ಇಳಿಯುವ ಹೊತ್ತಿಗೆ ಮಾವ ನನ್ನ ಪಕ್ಕ, ಗಿರಿಜಾ ಹಿಂದೆ, ಆರು ವರ್ಷದ ಮಗಳು ಅವಳ ತೊಡೆಯ ಮೇಲೆ ನಿದ್ದೆ. ನೆತ್ತಿಯಲ್ಲೇ ಮಾವ ನಿಲ್ಲಿಸಲು ಹೇಳಿದರು. ಘಟ್ಟದ ರೈಲು ದಾರಿಯಲ್ಲಿ ಹಾಗೇ ಪದ್ಧತಿಯಂತೆ. ಇಳಿಜಾರಿನ ಮಧ್ಯೆ ಒಂದು ಕವಲು ಹಳಿ ಗುಡ್ಡದ ಕಡೆಗೆ ಏರಿ ನಿಂತುಬಿಡುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಬರುವ ಗಾಡಿ ಆ ಕವಲಿಗೆ ಮುಂಚೆ ನಿಂತು, ತಾನು ನಿಲ್ಲಬಲ್ಲೆ ಎಂದು ತೋರಿಸಬೇಕು. ಆಮೇಲೆಯೇ ದಾರಿ ಬಿಡುತ್ತಾರೆ. ನಿಲ್ಲಲಾಗದೆ ಬಂದದ್ದು ಕವಲು ಹಿಡಿದು ಗುಡ್ಡ ಹತ್ತಿ ಸುಸ್ತಾಗುತ್ತದೆ.

"ಮಾವ, ಇದು ಗೂಡ್ಸ್ ಗಾಡಿಯಲ್ಲ" ಎಂದು ನಕ್ಕು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯತೊಡಗಿದೆ. ತಿರುವು ಕಳೆದು ತಿರುವು ಬಂದರೂ ಕಾಲು ತೆಗೆಯಲಿಲ್ಲ. ಜೊತೆಗೆ ಆಧುನಿಕ ತಂತ್ರಜ್ಞಾನದ ಕುರಿತು ಉಪನ್ಯಾಸ ಬೇರೆ.

"ವಾಸನಿ ಬರಾಕತ್ತೈತಿ" ಎಂದರು ಮಾವ.

"ಮುಂದಿನ ಬಸ್ಸಿನದು."

ಮುಂದೆ ಬಸ್ಸೇ ಇರಲಿಲ್ಲ. ಮುಂದಿನ ತಿರುವಿನಲ್ಲಿ ಪೆಡಲು ಒತ್ತಿದೆ; ಅದು ನೆಂದ ಬಿಸ್ಕತ್ತಿನ ಹಾಗೆ ಮೆತ್ತಗೆ ಒಳಗೆ ಹೋಗಿ ನೆಲ ಮುಟ್ಟಿತು. ಕಾರು ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದೆ, ಅಷ್ಟೆ. ಎಡಕ್ಕೆ ಕಣಿವೆ. ನನ್ನ ತಲೆಯೊಳಗಿನ ಕೆಂಪು, ಹಳದಿ, ಹಸಿರೆಲ್ಲ ಅಳಿಸಿಹೋಗಿ ಬರೀ ಬಿಳಿ ಉಳಿಯಿತು. ಜೀವಮಾನದಲ್ಲಿ ಹಾಗೆ ಕಿರುಚಿದ್ದು ಅದೇ ಮೊದಲು:

"ಮಾವಾ! ಬ್ರೇಕ್!"

ಅವರ ಕೈ ಆಗಲೇ ಕೈಬ್ರೇಕಿನ ಮೇಲಿತ್ತು. ಎಷ್ಟು ಹೊತ್ತಿನಿಂದ ಇತ್ತೋ ನಾನು ನೋಡಿರಲಿಲ್ಲ.

"ಆತ್ರಿ. ಶೀಟಿ ಕೇಳಿಸ್ತು. ಸಣ್ಣ ಗೇರಿಗೆ ಹಾಕ್ರಿ."

ಆಟೋಮ್ಯಾಟಿಕ್ ಕಾರು ಕೊಂಡಂದಿನಿಂದ ಮುಟ್ಟದ ಆ ಗೇರಿಗೆ ಹಾಕಿದೆ, ಎಂಜಿನ್ನು ಊಳಿಟ್ಟಿತು. ಮಾವ ಗುಂಡಿ ಒತ್ತಿ ಹಿಡಿದು, ಬಾವಿಯಿಂದ ಕೊಡ ಎಳೆಯುವ ಹದದಲ್ಲಿ ಕೈಬ್ರೇಕನ್ನು ಸ್ವಲ್ಪ ಎಳೆದರು, ತಿರುವು ಬಂದಾಗ ಸ್ವಲ್ಪ ಬಿಟ್ಟರು, ಮತ್ತೆ ಎಳೆದರು. "ಒಮ್ಮೆಲೆ ಜಗ್ಗಿದ್ರ ಗಾಲಿ ಜಾರತಾವ" ಎಂದು ಆಗಲೂ ಪಾಠ. ಕಾಲಿನ ಬ್ರೇಕಿನ ಎಣ್ಣೆ ಕುದಿದು ಕೆಲಸ ಕೆಟ್ಟಿತ್ತು. ಕೈಬ್ರೇಕು ಬರೀ ಒಂದು ತಂತಿ, ಎಳೆದರೆ ಹಿಂದಿನ ಗಾಲಿ ಹಿಡಿಯುವುದಷ್ಟೇ ಇದಕ್ಕೆ ಗೊತ್ತು. ಮೂರು ತಿರುವು ದಾಟಿ, ಒಂದು ಸ್ಟ್ರಾಬೆರಿ ಅಂಗಡಿಯ ಪಕ್ಕದ ಮಣ್ಣಿನ ದಿಬ್ಬಕ್ಕೆ ಮೂತಿಯಿಟ್ಟು ಕಾರು ನಿಂತಿತು. ಅಂಗಡಿಯಾಕೆ ಗಿರಾಕಿ ಬಂದರೆಂದು ಬುಟ್ಟಿ ಹಿಡಿದು ಓಡಿಬಂದಳು.

"ಏನಾತಪ್ಪಾ?" ಗಿರಿಜಾ ಮಗಳನ್ನು ಅವುಚಿಕೊಂಡು ಕೆಳಗಿಳಿದಳು.

"ಏನಿಲ್ಲವ್ವಾ, ಬ್ರೇಕ್ ಕಾದಾವ. ಆರಬೇಕು."

ಗಿರಿಜಾ ಅತ್ತ ಹೋದ ಮೇಲೆ ಮಾವ ಗಾಲಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ನನ್ನ ಮುಖ ನೋಡದೆ ಕೇಳಿದರು: "ಆಯಿಲ್ ಯಾವಾಗ ಬದ್ಲಿ ಮಾಡ್ಸಿದ್ರಿ?" ನಾನು ಸ್ಟ್ರಾಬೆರಿಯ ಬೆಲೆ ಕೇಳಲು ಅಂಗಡಿಯಾಕೆಯತ್ತ ತಿರುಗಿದೆ. ಅವರು ಎರಡನೆಯ ಸಲ ಕೇಳಲಿಲ್ಲ.

ಇಷ್ಟಾದ ಮೇಲೆ ಮಾನವಂತನಾದವನು ಏನು ಮಾಡಬೇಕು? ಹೆಂಡತಿಯೆದುರು ತಪ್ಪು ಒಪ್ಪಿಕೊಳ್ಳಬೇಕು. ನಾನು ಏನು ಮಾಡಿದೆನೆಂದರೆ, ಮುಂದಿನ ತಿಂಗಳು ರಾಜ್ಯೋತ್ಸವಕ್ಕೆ ಕನ್ನಡದವರೆಲ್ಲ ಸೇರಿದ್ದಾಗ, ಮೆಲಾಕಾದಿಂದ ಬಂದ ಡಾಕ್ಟರುಗಳನ್ನೂ ನಿಲಾಯ್‌ನಿಂದ ಬಂದ ಮೇಷ್ಟ್ರುಗಳನ್ನೂ ಸುತ್ತ ನಿಲ್ಲಿಸಿಕೊಂಡು, ಬ್ರೇಕ್ ಫೇಲಾದ ಕಾರನ್ನು ತಣ್ಣನೆಯ ತಲೆಯಿಂದ ಹೇಗೆ ಇಳಿಸಿದೆನೆಂದು ಬಣ್ಣಿಸಿದೆ. ಸಣ್ಣ ಗೇರಿನ ಬಗ್ಗೆ ವಿಶೇಷವಾಗಿ ಹೇಳಿದೆ. ಮಾವ ಪಕ್ಕದಲ್ಲೇ ಹೋಳಿಗೆ ತಿನ್ನುತ್ತಿದ್ದರು. ಎಲ್ಲರೂ ಅವರತ್ತ ತಿರುಗಿದಾಗ, "ಹೌದ್ರಿ, ಡ್ರೈವರ್ ಸಾಹೇಬ್ರು ಭಾಳ ಚಲೋ ಶೀಟಿ ಹೊಡದ್ರು" ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅವತ್ತು ಬೆಂದುಹೋದೆ. ಆದರೂ ಕಥೆ ಬದಲಾಯಿಸಲಿಲ್ಲ.

ಆ ಪ್ರಸಂಗದಿಂದ ನನ್ನ ದಾಂಪತ್ಯಕ್ಕೆ ಒಂದು ಲಾಭವಾಯಿತು ಅಂದುಕೊಂಡಿದ್ದೆ. ಮಾವ ಊರಿಗೆ ಮರಳಿದ ಮೇಲೆ ಗಿರಿಜಾ ಮುಂದಿನ ಸೀಟಿಗೆ ಬಂದಳು. ರಸ್ತೆ ಇಳಿಮುಖವಾದರೆ ಸಾಕು, ಅವಳ ಬಲಗೈ ಮೆಲ್ಲಗೆ ನನ್ನ ತೊಡೆಯ ಪಕ್ಕಕ್ಕೆ ಬಂದು ಕೂರುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಒಲವು! ಕಚೇರಿಯ ಗೆಳೆಯರೆದುರು ಹೇಳಿಕೊಂಡು ಅವರ ಹೊಟ್ಟೆ ಉರಿಸಿದ್ದೇನೆ.

ಈಗ ಶನಿವಾರದ ಚಹಾ ಅಂಗಡಿಗೆ ಬನ್ನಿ. ಹಿಂದಿನ ತಿರುವಿನಿಂದ ಘಾಟು ಇನ್ನೂ ಬರುತ್ತಿತ್ತು. ಎಂಟು ವರ್ಷ ನುಂಗಿಕೊಂಡಿದ್ದು ಆ ಘಾಟಿಗೆ ಹೊರಗೆ ಬಂತು. ಎಣ್ಣೆ ಕಪ್ಪಾಗಿದ್ದದ್ದು, ಮೂರು ಸಲ ಮುಂದೂಡಿದ್ದು, ಮಾವನಿಗೆ ಸುಳ್ಳು ಹೇಳಿದ್ದು, ಆಮೇಲೆ ಊರಿಗೆಲ್ಲ ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. "ನಿಮ್ಮೆಲ್ಲರನ್ನೂ ಕೊಂದುಬಿಡುತ್ತಿದ್ದೆ ಗಿರಿಜಾ" ಎಂದೆ.

ಅವಳು ಕಾರಿಗೇ ತರಿಸಿಕೊಂಡಿದ್ದ ಚಹಾ ಊದಿಕೊಂಡು ಕುಡಿದಳು. "ನಂಗ ಗೊತ್ತೈತ್ರಿ."

"ಯಾವಾಗಿಂದ?"

"ಅಪ್ಪ ಊರಿಗೆ ಹೋಗೂ ದಿನದಿಂದ. ಗಾರ್ಡ್ ಪುಸ್ತಕ ನನ್ನ ಕೈಯಾಗ ಕೊಟ್ಟ ಹೋದ್ರಲ್ಲ. ಕಡೀ ಪುಟದಾಗ ಬರದಾರ: ಚಾಲಕರು ಬ್ರೇಕ್ ಪರೀಕ್ಷೆ ಮಾಡಿಸಿರುವುದಿಲ್ಲ. ಕೇಳಿದಾಗ ಸುಳ್ಳು ಹೇಳಿರುತ್ತಾರೆ. ಗಾಡಿಯ ಚಾರ್ಜನ್ನು ಮಗಳಿಗೆ ಒಪ್ಪಿಸಲಾಗಿದೆ. ಇಳಿಜಾರಿನಲ್ಲಿ ಕೈ ಬ್ರೇಕಿನ ಮೇಲೆ ಇರತಕ್ಕದ್ದು."

ನಾನು ಅವಳ ಬಲಗೈಯನ್ನು ನೋಡಿದೆ.

"ಮತ್ತ? ನೀವೇನಂತ ತಿಳಕೊಂಡಿದ್ರಿ?" ಎಂದಳು. ಹಿಂದಿನಿಂದ ಮಗಳು, ಕನ್ನಡ ಬಾರದೆಂದು ನಾವು ತಿಳಿದಾಗಲೆಲ್ಲ ಎಲ್ಲವನ್ನೂ ತಿಳಿದುಕೊಳ್ಳುವ ಮಗಳು, "ಓ ಮೈ ಗಾಡ್, ಅಪ್ಪಾ ಥಾಟ್ ಇಟ್ ವಾಸ್ ರೊಮ್ಯಾನ್ಸ್!" ಎಂದು ಸೀಟಿನ ಮೇಲೆ ಉರುಳಾಡಿದಳು.

ನಗು ನಿಂತ ಮೇಲೆ ಗಿರಿಜಾ ಸೀಟುಗಳ ನಡುವಿನ ಖಾಲಿ ಜಾಗವನ್ನು ಸವರಿದಳು. "ಹಳೇ ಕಾರಿನಾಗ ಕೈಬ್ರೇಕ್ ಇಲ್ಲಿತ್ತು. ಇದರಾಗ ಎಲ್ಲೈತ್ರಿ?"

ಒಂದು ಸಣ್ಣ ಗುಂಡಿ ತೋರಿಸಿದೆ. ಕಾರಿನ ಪುಸ್ತಕ ತೆಗೆದು ಇಬ್ಬರೂ ಓದಿದೆವು. ಓಡುವಾಗಲೂ ಅದನ್ನು ಎತ್ತಿ ಹಿಡಿದುಕೊಂಡರೆ ಕಾರು ನಿಲ್ಲುತ್ತದಂತೆ. ಆಮೇಲೆ ನಾನು ಕೆಳಗಿಳಿದು, ಅಂಗಡಿಯವನು ನೋಡುತ್ತಿದ್ದರೂ, ಕಾರಿನ ಸುತ್ತ ಹೋಗಿ ನಾಲ್ಕೂ ಗಾಲಿಗಳನ್ನು ಗಿಣ್ಣಿನಿಂದ ಬಡಿದೆ. ಬಡಿದರೆ ಏನು ತಿಳಿಯುತ್ತದೆ ಎಂದು ಮಾವನನ್ನು ಒಮ್ಮೆಯೂ ಕೇಳಿರಲಿಲ್ಲ. ಅಂಗಳ ದಾಟುವ ಮೊದಲು ಬ್ರೇಕ್ ಒತ್ತಿ ನಿಲ್ಲಿಸಿ ತೋರಿಸಿದೆ.

ಗಿರಿಜಾ ಬೆರಳನ್ನು ಗುಂಡಿಯ ಮೇಲಿಟ್ಟಳು. "ಹಾಂ, ಬಿಡ್ರಿ ಗಾಡಿ."

ಸಣ್ಣ ಗೇರಿನಲ್ಲಿ, ಅಂಜುತ್ತಲೇ ಇಳಿಸಿದೆ. ತಾಪಾದವರೆಗೂ ಅವಳು ಬೆರಳು ತೆಗೆಯಲಿಲ್ಲ, ನಾನೂ ತೆಗೆ ಎನ್ನಲಿಲ್ಲ.