ಶೇಂಗಾ ಪಟ್ಟಾದ ಅಮೃತವ್ವ

ಬೆಟಗೇರಿಯ ಅಮೃತವ್ವನನ್ನು ಯಾರಾದರೂ ಹಟಮಾರಿ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗೆ ಅನ್ನುವವರ ಮನೆಯ ಅನ್ನವನ್ನೂ ಉಳಿಸಿದ್ದು ಆ ಹಟವೇ.

ಎಪ್ಪತ್ತೆಂಟರ ಸುಮಾರಿಗೆ ಗದಗ ಸ್ಟೇಷನ್ ಹತ್ತಿರದ ಶೇಂಗಾ ಕಾರ್ಖಾನೆಗೆ ಓಡುವ ಪಟ್ಟಾ ಬಂತು. ಅಲ್ಲಿಯವರೆಗೆ ನಾವು ಹೆಂಗಸರು ನೆಲದ ಮೇಲೆ ಕುಳಿತು ಮೊರದಲ್ಲಿ ಕಾಳು ಆರಿಸುತ್ತಿದ್ದೆವು. ಈಗ ಮುಂಡರಗಿ, ಲಕ್ಷ್ಮೇಶ್ವರದ ಶೇಂಗಾ ಸಿಪ್ಪೆ ಕಳಚಿಕೊಂಡು ಬಿಳಿ ರಬ್ಬರಿನ ಪಟ್ಟಾದ ಮೇಲೆ ತಾನೇ ಹರಿದು ಬರುತ್ತಿತ್ತು. ಎರಡೂ ಬದಿಗೆ ನಿಂತು ಕಲ್ಲು, ಕೆಟ್ಟ ಕಾಳು ತೆಗೆಯಬೇಕು. ಬೆಳಗ್ಗೆ ಬಿಸಿನೀರಿನಿಂದ ಪಟ್ಟಾ ಒರೆಸಬೇಕು, ಕೈ ತೊಳೆಯಬೇಕು, ತಲೆಗೆ ಬಟ್ಟೆ ಕಟ್ಟಬೇಕು. ನಮ್ಮ ಅಡುಗೆಮನೆಗೂ ಅಷ್ಟು ಮಡಿ ಇರಲಿಲ್ಲ. ಅಮೃತವ್ವ ಕಾಳು ಆರಿಸುವವರಲ್ಲಿ ಒಬ್ಬಳು; ನಾನು ಪಟ್ಟಾದ ತುದಿಯಲ್ಲಿ ಚೀಲ ಹೊಲಿಯುತ್ತಿದ್ದೆ.

ಒಂದು ದಿನ ಮುಂಬಯಿಗೆ ಕಳಿಸಿದ ಮಾಲು ವಾಪಸ್ ಬಂತು. ಕಾಳಿನಲ್ಲಿ ಗಾಜಿನ ಬಳೆ ಚೂರು ಸಿಕ್ಕಿತ್ತಂತೆ. ಮ್ಯಾನೇಜರ್ ವಾಸುದೇವರಾಯರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ನಾಳಿಂದ ಬಳಿ ತಗದು ಬರ್ರಿ. ಬಳಿ ಇಟಗೊಂಡಾಕಿಗೆ ಪಟ್ಟಾದ ಹತ್ರ ಕೆಲಸ ಇಲ್ಲ."

"ಗಂಡ ಬದುಕಿರೂತನಕ ಬಳಿ ಹೆಂಗ ತಗೀಬೇಕ್ರೀ?" ಎಂದು ಮಂಜವ್ವ ಅಳುವುದಕ್ಕೇ ಶುರು ಮಾಡಿದಳು. ನಮ್ಮಲ್ಲಿ ಬಳೆ ತೆಗೆಯುವುದು ಗಂಡ ಸತ್ತ ದಿನ.

"ಹಂಗಾರ ಮನ್ಯಾಗ ಇರ್ರಿ. ಅಮೃತವ್ವನ್ನ ನೋಡ್ರಿ, ಬರಿಗೈ. ಇಂಥಾರನ್ನ ಹುಡುಕಿ ತರ್ತೀನಿ."

ಗಂಡ ಸತ್ತವಳೆಂದು ಮದುವೆಮನೆಯಲ್ಲಿ ಎದುರಿಗೆ ಬರಬೇಡ ಅನ್ನಿಸಿಕೊಂಡವಳು ಯಂತ್ರಕ್ಕೆ ಮಾತ್ರ ಶುಭವಾದಳು! ಉಳಿದವರು ತಮ್ಮ ಅನ್ನ ಕಸಿದವಳೇ ಇವಳು ಎಂಬಂತೆ ಅವಳನ್ನು ನೋಡಿದರು.

ಸಂಜೆ ಅಮೃತವ್ವ ನನ್ನನ್ನೂ ಕರೆದುಕೊಂಡು ನೇರವಾಗಿ ಮೋತಿಬಿಯ ಬಳೆ ಅಂಗಡಿಗೆ ಹೋಗಿ ಕೈ ಚಾಚಿದಳು. ಮೋತಿಬಿ ಹಿಂದೆ ಸರಿದಳು.

"ನಿಮ್ಮ ಮಂದಿ ನನಗ ಬೈತಾರವ್ವಾ."

"ಬೈಸಿಕೊಳ್ಳಾಕ ನಾ ಅದೀನಿ. ನೀ ಇಡು."

ಮರುದಿನ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ಪಟ್ಟಾದ ಮುಂದೆ ಬಂದು ನಿಂತಳು. ರಾಯರು ದಂಗಾದರು.

"ಏನ ಬೇ ಇದು? ನಿನ್ನ ಗಂಡ ಸತ್ತಾನಲ್ಲ?"

"ಸತ್ತಾನ್ರೀ. ನಿಮ್ಮ ಪಟ್ಟಾಕ್ಕ ಅನುಕೂಲ ಆಗ್ಲಿ ಅಂತ ಸತ್ತಿಲ್ಲ."

ಅವಳೇ ಮುಂದುವರಿಸಿದಳು. "ಕಾಳಿನ್ಯಾಗ ಗಾಜು ಬೀಳಬಾರದು, ಅದು ಖರೆ. ಕೂಸಿನ ಗಂಟಲಕ್ಕ ಹೋದ್ರ ಪಾಪ ನಮಗ. ತೋಳು ಮುಚ್ಚಾಕ ಅರಿವಿ ಕೊಡ್ರಿ, ಬಳಿ ತಂಟೆಕ್ಕ ಬರಬ್ಯಾಡ್ರಿ. ಇನ್ನ ನೀವು ಯಾ ಬರಿಗೈ ತರ್ತೀರಿ ತರ್ರಿ, ಎಲ್ಲಾರಿಗೂ ಮೋತಿಬಿ ಕಡೆ ಬಳಿ ಇಡಸ್ತೀನಿ."

ಹೊರಗೆ ಲಾರಿ ಕಾಯುತ್ತಿತ್ತು, ಬಳೆ ತೆಗೆಯಲು ಯಾರೂ ಒಪ್ಪದೆ ಒಳಗೆ ಪಟ್ಟಾ ನಿಂತಿತ್ತು. ರಾಯರು ಸಿಡಿಮಿಡಿಗೊಳ್ಳುತ್ತಲೇ ಬಿಳಿ ಬಟ್ಟೆ ತರಿಸಿದರು; ದಿನಾ ಕುದಿಸಿ ಒಗೆಯಬೇಕು ಎಂದು ತಾಕೀತು ಮಾಡಿದರು. ಮೊಣಕೈಗೂ ಮಣಿಕಟ್ಟಿಗೂ ಲಾಡಿ ಬಿಗಿಯುವ ಹಾಗೆ ತೋಳಚೀಲ ಹೊಲಿದವಳು ನಾನು. ಒಳಗೆ ಬಳೆ ಒಡೆದರೂ ಚೂರು ಹೊರಗೆ ಬೀಳುತ್ತಿರಲಿಲ್ಲ. ಒಬ್ಬಳ ಕೆಲಸವೂ ಹೋಗಲಿಲ್ಲ.

ಇಷ್ಟಾದ ಮೇಲೆ ಅವಳಿಗೆ ಆರತಿ ಎತ್ತಿದರು ಅಂದುಕೊಂಡಿರೇನು? ಒಂದು ಸಂಜೆ ಕೆಲಸ ಬಿಡುವಾಗ, ಎಲ್ಲರ ಪರವಾಗಿ ಮಂಜವ್ವ ಬಂದು ಅವಳ ಕಿವಿಯಲ್ಲಿ ಹೇಳಿದಳು:

"ಕೆಲಸ ಉಳೀತಲ್ಲವ್ವಾ. ಇನ್ನ ಬಳಿ ತಗದಬಿಡು. ನೋಡಿದವರು ಏನಂದಾರು? ನಮಗೂ ಚೊಲೋ ಅಲ್ಲ."

ಬಳೆ ಉಳಿಸಿಕೊಟ್ಟವಳಿಗೇ ಈ ಮಾತು! ನನ್ನ ನಾಲಿಗೆ ತುದಿಗೆ ಬೈಗುಳ ಬಂದಿತ್ತು. ಅಮೃತವ್ವ ಮಾತ್ರ ತೋಳಚೀಲ ಬಿಚ್ಚಿ ಮಡಚುತ್ತ ಹೇಳಿದಳು:

"ನಿನ್ನ ಸಲವಾಗಿ ಇಟಗೊಂಡಿದ್ದೆ, ಮಂಜವ್ವ. ಇಟಗೊಂಡ ಮ್ಯಾಲೆ ನೋಡಿದೆ, ನನ್ನ ಕೈಗೂ ಚಂದ ಕಾಣ್ತಾವು. ತಗಿಯಂಗಿಲ್ಲ."

ಸಾಯುವವರೆಗೂ ತೆಗೆಯಲಿಲ್ಲ. ಒಡೆದಾಗಲೆಲ್ಲ ಹಾಡಹಗಲೇ ಬಜಾರಕ್ಕೆ ಹೋಗಿ ಹೊಸ ಬಳೆ ಇಡಿಸಿಕೊಂಡು ಬರುತ್ತಿದ್ದಳು.