ನೂರು ಕೈಯ ರಾಕ್ಷಸ ಮತ್ತು ಗುಬ್ಬಿಯ ಮಾವ

ಕೋಟಿಗಟ್ಟಲೆ ಸುರಿದು ತೆಗೆದ ಮಾಯಾಲೋಕದ ಸಿನಿಮಾ ಅದು. ಟಿಕೆಟ್ ಸಿಗುವುದಿಲ್ಲವೆಂಬ ಭಯದಲ್ಲಿ ನಾನು ವಾರ ಮೊದಲೇ ಎರಡು ಸೀಟು ಬುಕ್ ಮಾಡಿದ್ದೆ. ಹೆಂಡತಿ ಬರಲೊಪ್ಪಲಿಲ್ಲ. ಗುಬ್ಬಿಯಿಂದ ಸೋದರಮಾವನನ್ನು ಕರೆಸಿಕೊಂಡೆ. ಅವರು ಊರಿನ ಪೌರಾಣಿಕ ನಾಟಕಗಳಲ್ಲಿ ನಲವತ್ತು ವರ್ಷ ರಾಕ್ಷಸರ ಪಾತ್ರ ಮಾಡಿದವರು. ಮೀಸೆ ಇನ್ನೂ ರಿಟೈರಾಗಿಲ್ಲ.

ಶನಿವಾರದ ಮ್ಯಾಟಿನಿ. ರಶ್ ಇರುತ್ತದೆಂದು ಸದಾಶಿವನಗರದ ನಮ್ಮ ಮನೆಯಿಂದ ಒಂದು ಗಂಟೆ ಮೊದಲೇ ಮಾವನನ್ನು ಆಟೋ ಹತ್ತಿಸಿದೆ. ಥಿಯೇಟರಿನ ಮುಂದೆ ನಾಯಕನ ಭಾರಿ ಕಟೌಟ್. ಅದರ ನೆರಳಲ್ಲಿ ಸೌತೆಕಾಯಿ ಮಾರುವವನೊಬ್ಬನೇ. ಒಳಗೆ ನಾವಿಬ್ಬರು, ಕುಣಿಗಲ್ಲಿನಿಂದ ಬಂದಿದ್ದ ಹೊಸ ಜೋಡಿ, ಎ.ಸಿ.ಯಲ್ಲಿ ಮಲಗಲೆಂದೇ ಬಂದಿದ್ದ ಒಬ್ಬ ಮೆಡಿಕಲ್ ರೆಪ್. ಮ್ಯಾನೇಜರ್ ಇಣುಕಿ, ‘ಐದೇ ಜನಕ್ಕೆ ಶೋ ಹೆಂಗೆ ಹಾಕೋದು ಸಾರ್?’ ಎಂದು ಪೇಚಾಡಿ, ಪಾರ್ಕಿಂಗಿನವನನ್ನೂ ಕ್ಯಾಂಟೀನಿನವನನ್ನೂ ಕರೆತಂದು ಕೂರಿಸಿದ. ಸಿನಿಮಾ ಶುರುವಾಯಿತು.

ಮಾವ ತಮ್ಮ ಕನ್ನಡಕದ ಮೇಲೆ ತ್ರೀಡಿ ಕನ್ನಡಕ ಏರಿಸಿದರು. ನೂರು ಕೈಯ ರಾಕ್ಷಸ ಬಂದವನೇ ಊರಿಗೆ ಬೆಂಕಿಯಿಟ್ಟ.

‘ಏನ್ಲಾ, ಇವನಿಗೆ ಯಾಕಿಷ್ಟು ಕ್ವಾಪ?’

‘ಮುಂದೆ ಹೇಳ್ತಾರೆ ಮಾವ, ನೋಡಿ.’

ಹೇಳಲಿಲ್ಲ. ಬೆಟ್ಟ ಬಿತ್ತು, ಸಮುದ್ರ ಎದ್ದಿತು. ಮಾವ ನಿದ್ದೆ ಹೋದರು. ಒಂದು ಗಂಟೆ ಬಿಟ್ಟು ಎಚ್ಚರವಾದಾಗಲೂ ಅದೇ ಯುದ್ಧ. ‘ಏನಾಯ್ತಲಾ?’ ಎಂದು ಗಾಬರಿಯಾದರು. ‘ಏನೂ ಆಗಿಲ್ಲ’ ಎಂದೆ. ನಿಜವನ್ನೇ ಹೇಳಿದ್ದೆ.

ಇಂಟರ್ವಲ್ಲಿನಲ್ಲಿ ಮ್ಯಾನೇಜರ್ ದುಃಖ ತೋಡಿಕೊಂಡ. ‘ಜನಕ್ಕೆ ಟೇಸ್ಟೇ ಇಲ್ಲ ಸಾರ್. ಒಂದೊಂದು ಕೈಗೂ ಬೇರೆ ಬೇರೆ ಕಂಪ್ಯೂಟರ್‌ನವರು ಕೆಲ್ಸ ಮಾಡವ್ರಂತೆ!’

ಮಾವ ಹೇಳಿದರು: ‘ಕೈಗೆ ಅಷ್ಟು ಜನ ಇಟ್ಟವ್ರು ಕತೆಗೆ ಒಬ್ಬನ್ನಾದ್ರೂ ಇಡಬಾರ್ದಿತ್ತಾ? ನಾನು ರಟ್ಟಿನ ಗದೆ ಹಿಡ್ಕಂಡು ಸಾಯ್ತಿದ್ದಾಗ ಹೆಂಗಸ್ರು ಸೆರಗಲ್ಲಿ ಕಣ್ಣೊರಸ್ಕಳ್ತಿದ್ರು ಕಣಪ್ಪ.’

ಮನೆಗೆ ಬಂದಾಗ ಹೆಂಡತಿ ದೋಸೆ ಹುಯ್ಯುತ್ತಾ, ‘ಕತೆ ಏನ್ರೀ?’ ಎಂದಳು. ಕಣ್ಣು ಮಿಟುಕಿಸದೆ ನೋಡಿದ್ದ ನಾನು, ‘ಬೆಟ್ಟ ಬೀಳತ್ತೆ, ಸಮುದ್ರ ಏಳತ್ತೆ’ ಎಂದೆ. ಅರ್ಧ ಸಿನಿಮಾ ನಿದ್ದೆ ಮಾಡಿದ್ದ ಮಾವ ಕಾಫಿ ಲೋಟ ಕೆಳಗಿಟ್ಟು ಶುರುಮಾಡಿದರು.

‘ಆ ರಾಕ್ಷಸ ಚಿಕ್ಕೋನಿದ್ದಾಗ ಅವನವ್ವ ಬಾಯಾರಿ ಆ ಊರ ಬಾಗ್ಲಿಗೆ ಬಂದ್ಲು ಕಣವ್ವ. ಒಬ್ರೂ ನೀರು ಕೊಡ್ಲಿಲ್ಲ. ಬಾವಿ ಇತ್ತು, ಆದ್ರೆ ಸೇದೋಕೆ ಅವನ ಪುಟ್ಟ ಕೈಲಿ ಆಗ್ಲಿಲ್ಲ. ಅವನ ಕಣ್ಮುಂದೇನೇ ಅವ್ವ ಹೋಗ್ಬುಟ್ಲು. ನಂಗೆ ನೂರು ಕೈ ಕೊಡು ಅಂತ ಶಿವನ್ನ ಕೇಳ್ಕೊಂಡಿದ್ದು ಆವತ್ತೇ.’

ಇದರಲ್ಲಿ ಒಂದಕ್ಷರವೂ ಸಿನಿಮಾದಲ್ಲಿರಲಿಲ್ಲ. ದೋಸೆ ಕರಕಲಾಗಿತ್ತು. ಹೆಂಡತಿ ಮೂಗು ಒರೆಸಿಕೊಂಡು, ‘ಪಾಪ! ನಾಳೆ ನಂಗೂ ಬುಕ್ ಮಾಡ್ರೀ’ ಎಂದಳು.

ಫೋನ್ ತೆರೆದೆ. ನಾಳೆಯಿಂದ ಅಲ್ಲಿ ಬೇರೆ ಸಿನಿಮಾ.

‘ಇಷ್ಟು ಒಳ್ಳೆ ಕತೆ ಇರೋ ಪಿಚ್ಚರ್‌ನ ಯಾಕ್ರೀ ಎತ್ತಿಬಿಟ್ರು?’ ಎಂದು ಅವಳು ನನ್ನ ಮೇಲೆಯೇ ರೇಗಿದಳು. ನಾನು ಮಾವನ ಮುಖ ನೋಡಿದೆ. ಅವರು ಇನ್ನೊಂದು ದೋಸೆ ಕೇಳಿದರು.